ಓದುಗರ ಪ್ರಶ್ನೆ: ಅಯ್ಯನೋರು ಬದಲಾದ್ರೆ ಕೊಟ್ಟ ಮಾತೂ ಹೋಯ್ತಾ?

ಪ್ರಶ್ನೆ: ಮೇಡಂ, ವಂದನೆಗಳು. ನಾನು ಸಕಲೇಶಪುರ ಕಡೆಯವಳು, 66 ವರ್ಷ, ಯಜಮಾನ್ರಿಲ್ಲ, ಮಂಡಿ ನೋವು ಬೇರೆ. ನಮ್ಮಪ್ಪ ವಿಲ್ ಬರೀದೆ ತೀರ್ಕೊಂಡ್ರು, ಅಮ್ಮನೂ ಹೋದ್ರು, ತೋಟ ಪೂರ್ತಿ ಅಣ್ಣ ಒಬ್ಬನೇ ಹೆಸರಿಗೆ ಖಾತೆ ಮಾಡಿಸ್ಕೊಂಡ. ನಮ್ಮ ಚರ್ಚ್ ಸಭೆಯ ಹಳೇ ಅಯ್ಯನೋರು (ಪಾಸ್ಟರ್) ಎಲ್ರನ್ನೂ ಕೂರಿಸಿ ಮಾತಾಡ್ಸಿ, ತಂಗೀರಿಗೂ ಪಾಲು ಕೊಡ್ತೀನಿ ಅಂತ ಅಣ್ಣನ ಬಾಯಲ್ಲೇ ಹೇಳ್ಸಿದ್ರು, ಅಷ್ಟರಲ್ಲಿ ಅವ್ರಿಗೆ ಟ್ರಾನ್ಸ್‌ಫರ್ ಆಗೋಯ್ತು. ಹೊಸಬ್ರು ಇದು ಮನೆ ವಿಷಯ, ದೇವರ ಮೇಲೆ ಭಾರ ಹಾಕಿ ಅಂತಾರೆ. ಮೊನ್ನೆ ಅಪ್ಪ ನೆಟ್ಟ ಗಿಡದ ಕಾಫಿ ಹಣ್ಣು ಕಣದಲ್ಲಿ ಹರಡಿದ್ದನ್ನ ಗೇಟಿನಾಚೆ ನಿಂತು ನೋಡ್ಕೊಂಡು ಬಂದೆ. ದೇವರನ್ನ ನಂಬೋದು ಅಂದ್ರೆ ಸುಮ್ನೆ ಇರೋದಾ?

ಉತ್ತರ: ಖಂಡಿತ ಅಲ್ಲಮ್ಮ. ನಿಮ್ಮ ಹತ್ರ ಸತ್ಯವೇದ (ಬೈಬಲ್) ಇದ್ದೇ ಇರುತ್ತೆ, ಅರಣ್ಯಕಾಂಡ 27ನೇ ಅಧ್ಯಾಯ ತೆಗೀರಿ. ನೀವು ಬರ್ದಿರೋ ಮೂರು ಕಷ್ಟಾನೂ, ಅಂದ್ರೆ ಜಮೀನು, ವಯಸ್ಸು, ನಾಯಕರು ಬದಲಾಗೋದು, ಮೂರೂ ಆ ಒಂದೇ ಅಧ್ಯಾಯದಲ್ಲಿದೆ.

ಚಲ್ಪಹಾದ ಅನ್ನೋನಿಗೆ ಐದು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ, ಅವ್ನು ಅರಣ್ಯದಲ್ಲೇ ಸತ್ತೋಗ್ತಾನೆ. ಈ ಐದು ಜನ ಮನೇಲಿ ಕೂತು ಅಳ್ಲಿಲ್ಲ, ದೇವದರ್ಶನದ ಗುಡಾರದ ಬಾಗಿಲಿಗೇ ಬಂದು ಇಸ್ರಾಯೇಲ್ಯರ ನಾಯಕ ಮೋಶೆ, ಯಾಜಕ ಎಲ್ಲಾಜಾರ, ಕುಲದ ಮುಖಂಡರು, ಇಡೀ ಜನ, ಎಲ್ಲರ ಎದುರಿಗೇ ನಿಂತು, ಗಂಡುಮಗ ಇಲ್ಲ ಅಂತ ನಮ್ಮಪ್ಪನ ಹೆಸರು ಯಾಕೆ ಅಳಿಸಿಹೋಗ್ಬೇಕು, ನಮಗೆ ಪಾಲು ಕೊಡಿ ಅಂತ ಕೇಳ್ತಾರೆ. ಮೋಶೆ ತಾನೇ ತೀರ್ಪು ಹೇಳಲ್ಲ, ದೇವರ ಮುಂದೆ ಇಡ್ತಾನೆ. ಅವರು ಹೇಳ್ತಿರೋದು ಸರಿ ಅಂತಾನೆ ದೇವರು. ನಂಬಿಕೆ ಇದ್ದಿದ್ದಕ್ಕೇ ಅವರು ಬಾಯಿಬಿಟ್ಟು ಕೇಳಿದ್ರು ಅಂತ ನಾನು ಓದ್ಕೊಳ್ತೀನಿ, ಯಾಕಂದ್ರೆ ಆಗಿನ್ನೂ ಹಂಚೋಕೆ ಒಂದು ಗೇಣು ಜಮೀನೂ, ದೇವರು ಕೊಡ್ತೀನಿ ಅಂದಿದ್ದ ಕಾನಾನ್ ದೇಶದಲ್ಲಿ ಅವ್ರ ಕೈಗೆ ಸಿಕ್ಕಿರ್ಲಿಲ್ಲ.

ಇದಾದ ತಕ್ಷಣ ದೇವರು ಮೋಶೆಗೆ, ಬೆಟ್ಟ ಹತ್ತಿ ಆ ದೇಶ ನೋಡು, ಆಮೇಲೆ ನಿನ್ನ ಅಣ್ಣ ಆರೋನನ ಹಾಗೆ ನೀನೂ ಹೋಗ್ತೀಯ ಅಂತಾನೆ. ಮೋಶೆ ಆಗ ತನಗೋಸ್ಕರ ಏನೂ ಕೇಳ್ಕೊಳ್ಳಲ್ಲ, ಈ ಜನ ಕುರುಬನಿಲ್ಲದ ಕುರಿಗಳ ಹಾಗೆ ಆಗ್ಬಾರ್ದು, ಒಬ್ಬನ್ನ ನೇಮಿಸು ಅಂತಾನೆ. ಯೆಹೋಶುವನ ಮೇಲೆ ಎಲ್ಲರೆದುರು ಕೈಯಿಟ್ಟು ಜವಾಬ್ದಾರಿ ಒಪ್ಪಿಸ್ತಾನೆ. ಮುಂದೆ 120ನೇ ವಯಸ್ಸಲ್ಲಿ ತೀರ್ಕೊಳ್ತಾನೆ.

ಹಾಗಾದ್ರೆ ಆ ಹೆಣ್ಣುಮಕ್ಕಳ ಗತಿ? ಮಾತು ಕೊಟ್ಟೋನು ಹೋದ. ಮಧ್ಯದಲ್ಲಿ ಕುಲದ ಗಂಡಸರು ತಕರಾರು ಬೇರೆ ತೆಗ್ದಿದ್ರು, ಇವ್ರು ಬೇರೆ ಕುಲಕ್ಕೆ ಮದುವೆಯಾದ್ರೆ ನಮ್ಮ ಜಮೀನು ಹೋಗುತ್ತೆ ಅಂತ, ಅದಕ್ಕೆ ಒಂದು ಷರತ್ತೂ ಬಿತ್ತು, ಅರಣ್ಯಕಾಂಡ 36ರಲ್ಲಿದೆ. ಈಗ ಯೆಹೋಶುವ 17 ನೋಡಿ. ಜಮೀನು ಹಂಚ್ತಿರುವಾಗ ಅದೇ ಹೆಣ್ಣುಮಕ್ಕಳು ಮತ್ತೆ ಬರ್ತಾರೆ, ಎಲ್ಲಾಜಾರ ಮತ್ತು ಯೆಹೋಶುವನ ಮುಂದೆ ನಿಂತು, ನಮಗೆ ಪಾಲು ಕೊಡಿ ಅಂತ ಯೆಹೋವನು ಮೋಶೆಗೆ ಆಜ್ಞೆ ಮಾಡಿದ್ದಾನೆ ಅಂತಾರೆ. ಮೋಶೆ ಹೇಳಿದ್ದ ಅಂತಲ್ಲ, ದೇವರು ಮೋಶೆಗೆ ಹೇಳಿದ್ದು ಅಂತ. ಪಾಲು ಸಿಕ್ತು. ಮೊದಲನೇ ಸಲ ಅವ್ರು ಕೇಳಿದಾಗ ಅಲ್ಲಿದ್ದ ಎಲ್ಲಾಜಾರ ಈ ಸಲಾನೂ ಅಲ್ಲೇ ಇದ್ದ, ಅದನ್ನ ದಯವಿಟ್ಟು ಗಮನಿಸಿ.

ನಿಮ್ಮ ಎಲ್ಲಾಜಾರ ಯಾರಮ್ಮ? ಅವತ್ತು ಅಣ್ಣ ಒಪ್ಕೊಂಡಾಗ ಹಳೇ ಅಯ್ಯನೋರ ಜೊತೆ ಇನ್ಯಾರ್ಯಾರು ಕೂತಿದ್ರು? ಅವ್ರನ್ನ ಕರ್ಕೊಂಡು ಹೊಸ ಅಯ್ಯನೋರ ಹತ್ರ ಇನ್ನೊಂದ್ಸಲ ಹೋಗಿ, ಟ್ರಾನ್ಸ್‌ಫರ್ ಆದವ್ರಿಗೂ ಫೋನ್ ಮಾಡಿ, ನಡೆದಿದ್ದನ್ನ ಒಂದು ಪತ್ರ ಬರ್ದುಕೊಡಿ ಅಂತ ಕೇಳಿ.

ಒಂದು ವಿಷಯ ಮುಚ್ಚಿಡ್ಬಾರ್ದು, ಮೋಶೆ ಕಾಲದ ಆ ತೀರ್ಪು ಗಂಡುಮಕ್ಕಳಿಲ್ಲದ ಮನೆಗೆ ಕೊಟ್ಟಿದ್ದು, ನಿಮಗೆ ಅಣ್ಣ ಇದಾನೆ. ಆದ್ರೆ ಯೋಬನ ಪುಸ್ತಕದ ಕೊನೇ ಅಧ್ಯಾಯ ಓದಿ, ಅಷ್ಟೆಲ್ಲಾ ಕಳ್ಕೊಂಡ ಆ ಮನುಷ್ಯ ತನ್ನ ಮೂರು ಹೆಣ್ಣುಮಕ್ಕಳಿಗೆ ಅವ್ರ ಅಣ್ಣತಮ್ಮಂದಿರ ಜೊತೆಗೇ ಆಸ್ತಿ ಕೊಟ್ಟ. ನಮ್ಮ ದೇಶದ ಕಾನೂನೂ ಅದನ್ನೇ ಹೇಳುತ್ತೆ: ಕ್ರೈಸ್ತರಿಗೆ ಅನ್ವಯಿಸೋ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಪ್ಪ ವಿಲ್ ಬರೀದೆ ಹೋದ್ರೆ ಅಮ್ಮನಿಗೆ ಮೂರರಲ್ಲಿ ಒಂದು ಭಾಗ, ಉಳಿದಿದ್ದು ಗಂಡು ಹೆಣ್ಣು ಭೇದ ಇಲ್ದೆ ಮಕ್ಕಳಿಗೆ ಸಮಪಾಲು. ಖಾತೆ ಅವನ ಹೆಸರಿಗೆ ಕೂತ ಮಾತ್ರಕ್ಕೆ ನಿಮ್ಮ ಹಕ್ಕು ಹೋಗಲ್ಲ. ಹಕ್ಕು ಬಿಡುಗಡೆ ಪತ್ರ ಅಂತ ಯಾವುದಕ್ಕಾದ್ರೂ ಸೈನ್ ಹಾಕಿದ್ದೀರಾ, ಮೊದಲು ಅದು ನೆನಪು ಮಾಡ್ಕೊಳ್ಳಿ. ಪಹಣಿ ತೆಗೆಸಿ, ಕೋರ್ಟಿನಲ್ಲಿರೋ ಕಾನೂನು ಸೇವಾ ಸಮಿತಿಗೆ ಹೋಗಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ಅಲ್ಲಿ ವಕೀಲರ ನೆರವು ಉಚಿತ. ತಡ ಮಾಡ್ಬೇಡಿ, ದಾವೆಗೆ ಕಾಲಮಿತಿ ಪ್ರಶ್ನೆ ಬರುತ್ತೆ.

ಎಲ್ಲಾ ಮಾಡಿದ್ರೂ ಸಿಗದೇ ಹೋಗ್ಬಹುದು, ಅದನ್ನೂ ಹೇಳ್ಬೇಕು. ನಾಬೋತನಿಗೆ ಸಿಗ್ಲಿಲ್ಲ. ಅಪ್ಪಅಜ್ಜಂದಿರ ದ್ರಾಕ್ಷಿತೋಟ ರಾಜ ಅಹಾಬನಿಗೆ ಕೊಡಲ್ಲ ಅಂದಿದ್ದಕ್ಕೆ ರಾಣಿ ಈಜೆಬೆಲ್ ಇಬ್ಬರು ಸುಳ್ಳುಸಾಕ್ಷಿ ನಿಲ್ಲಿಸಿ ಕಲ್ಲು ಹೊಡೆಸಿ ಸಾಯಿಸಿದ್ಲು. ಆದ್ರೆ ಅಹಾಬ ಆ ತೋಟಕ್ಕೆ ಕಾಲಿಟ್ಟಾಗ ಪ್ರವಾದಿ ಎಲೀಯ ಎದುರಿಗೆ ಬಂದ, ಕೊಂದು ಆಸ್ತಿನೂ ಹೊಡ್ಕೊಂಡ್ಯಾ ಅಂತ ಮುಖಕ್ಕೇ ಕೇಳ್ದ. ಯಾರೂ ನೋಡ್ಲಿಲ್ಲ ಅಂದ್ಕೊಂಡಿದ್ದನ್ನ ದೇವರು ನೋಡಿದ್ದ. ನನಗಂತೂ ಆ ಎಲೀಯನ ಕೆಲಸ ಸಭೆಯವ್ರದ್ದು ಅನ್ಸುತ್ತೆ, ಮನೆ ವಿಷಯ ಅಂತ ಜಾರ್ಕೊಳ್ಳೋದು ನನಗೆ ಸರಿ ಕಾಣ್ಸಲ್ಲ.

ಪ್ರಶ್ನೆ: ನಾನು ಮೂಡಿಗೆರೆ ಕಡೆಯವ್ನು, 74 ವರ್ಷ. ಬಹಳ ಕಾಲ ಸಭೆಯ ಹಿರಿಯನಾಗಿ ಲೆಕ್ಕಪತ್ರ ನೋಡ್ಕೊಂಡಿದ್ದೆ. ಈಗ ಹುಡುಗ್ರ ಕಮಿಟಿ, ನನ್ನ ಒಂದು ಮಾತೂ ಕೇಳಲ್ಲ. ಬೇರೆ ಸಭೆಗೆ ಹೋಗ್ಬಿಡ್ಲಾ?

ಉತ್ತರ: ಬೇಡಣ್ಣ, ಸ್ವಲ್ಪ ತಡೀರಿ. ಪ್ರವಾದಿ ಸಮುವೇಲನಿಗೂ ಮುಖದ ಮೇಲೇ ನಿನಗೆ ವಯಸ್ಸಾಯ್ತು ಅಂದ್ರು ಜನ, ನಮಗೆ ರಾಜ ಬೇಕು ಅಂದ್ರು. ಅವನಿಗೆ ಬಹಳ ನೋವಾಯ್ತು. ಆದ್ರೂ ಅವ್ರ ದೂರಲ್ಲಿ ನಿಜಾನೂ ಇತ್ತು, ಅವನ ಗಂಡುಮಕ್ಕಳು ಲಂಚ ತಿಂತಿದ್ರು. ದೇವರು ಅವನಿಗೆ, ಅವ್ರು ಬೇಡ ಅಂದಿದ್ದು ನಿನ್ನನ್ನಲ್ಲ, ನನ್ನನ್ನ ಅಂತಾನೆ. ಸಮುವೇಲ ಜನರ ಮುಂದೆ ನಿಂತು ಯಾರ ಎತ್ತು ತಗೊಂಡಿದ್ದೀನಿ, ಯಾರ ಕತ್ತೆ ತಗೊಂಡಿದ್ದೀನಿ, ಯಾರ ಕೈಯಿಂದ ಲಂಚ ತಗೊಂಡಿದ್ದೀನಿ ಹೇಳಿ ಅಂತ ಕೇಳಿ ಲೆಕ್ಕ ಒಪ್ಪಿಸ್ದ, ಆಮೇಲೆ, ನಿಮಗೋಸ್ಕರ ಪ್ರಾರ್ಥನೆ ಮಾಡೋದು ನಿಲ್ಸಿದ್ರೆ ಅದು ನನಗೆ ಪಾಪ ಅಂದ. ನೀವೂ ಹಾಗೇ ಮಾಡಿ, ರಿಜಿಸ್ಟರು, ಬ್ಯಾಂಕ್ ಪಾಸ್‌ಬುಕ್ಕು, ರಸೀದಿ ಎಲ್ಲಾ ಸಭೆ ಮುಂದೆ ಒಪ್ಪಿಸಿ ಸಹಿ ತಗೊಳ್ಳಿ. ಸಮುವೇಲನಿಗೆ ಅಲ್ಲಿಗೆ ಕೆಲಸ ಮುಗೀಲಿಲ್ಲ, ದಾವೀದನಿಗೆ ಅಭಿಷೇಕ ಮಾಡಿದ್ದು ಅದಾದ ಮೇಲೇ.

ಬರ್ಜಿಲ್ಲೈ ಕತೆನೂ ಓದಿ, 2 ಸಮುವೇಲ 19. 80 ವರ್ಷದೋನು. ಕಷ್ಟಕಾಲದಲ್ಲಿ ದಾವೀದನಿಗೆ ಊಟ ಕೊಟ್ಟಿದ್ದ, ಅದಕ್ಕೆ ರಾಜ ಯೆರೂಸಲೇಮಿಗೆ ಬಾ, ಸಾಕ್ತೀನಿ ಅಂತಾನೆ. ಇವ್ನು, ತಿಂದಿದ್ದರ ರುಚಿ ಗೊತ್ತಾಗಲ್ಲ, ಹಾಡೋರ ದನಿ ಕೇಳ್ಸಲ್ಲ, ನಾನ್ಯಾಕೆ ನಿಮಗೆ ಹೊರೆ, ನನ್ನ ಬದಲು ಇಗೋ ಕಿಮ್ಹಾಮನ್ನ (ಅವನ ಮಗ ಇರ್ಬೇಕು ಅಂತಾರೆ) ಕರ್ಕೊಂಡೋಗಿ ಅಂತಾನೆ. ಆ ಕಮಿಟೀಲಿ ಲೆಕ್ಕ ಬರೆಯೋಕೆ ಒದ್ದಾಡ್ತಿರೋ ಹುಡುಗ ಒಬ್ಬ ಇದ್ದೇ ಇರ್ತಾನೆ, ಅವ್ನನ್ನ ಒಂದು ದಿನ ಕಾಫಿಗೆ ಮನೆಗೆ ಕರೀರಿ. ಮುಪ್ಪಿನಲ್ಲಿ ನನ್ನ ಕೈಬಿಡ್ಬೇಡ ಅಂತ 71ನೇ ಕೀರ್ತನೆಯವ್ನು ಬೇಡ್ಕೊಳ್ತಾನೆ, ಅದೇ ಕೀರ್ತನೇಲಿ ಮುಂದಿನ ತಲೆಮಾರಿಗೆ ನಿನ್ನ ಬಲ ತಿಳಿಸೋ ತನಕ ಅಂತಾನೂ ಕೇಳ್ತಾನೆ.

ಪ್ರಶ್ನೆ: ಅನ್ಯಾಯ ಆದಾಗ ದೇವರ ಹತ್ರ ಜಗಳ ಆಡೋದು ತಪ್ಪಾ? (ಹಾಸನದ ಕಾಲೇಜ್ ವಿದ್ಯಾರ್ಥಿನಿ)

ಉತ್ತರ: ತಪ್ಪಲ್ಲಮ್ಮ. ಎಷ್ಟು ಕಾಲ ಅಂತ 13ನೇ ಕೀರ್ತನೆ ಮತ್ತೆ ಮತ್ತೆ ಕೇಳುತ್ತೆ, ಹಬಕ್ಕೂಕನ ಪುಸ್ತಕ ಶುರುವಾಗೋದೇ ಆ ಕೂಗಿನಿಂದ. ಯೋಬ ಎಷ್ಟು ಖಾರವಾಗಿ ಮಾತಾಡ್ದ, ಅವನ ಸ್ನೇಹಿತರು ದೇವರ ಪರ ಎಷ್ಟು ಚೆನ್ನಾಗಿ ವಾದ ಮಾಡಿದ್ರು, ಕೊನೆಗೆ ದೇವರು ಆ ಸ್ನೇಹಿತರಿಗೇ, ನನ್ನ ದಾಸ ಯೋಬನ ಹಾಗೆ ನೀವು ನನ್ನ ವಿಷಯ ಸರಿಯಾಗಿ ಮಾತಾಡ್ಲಿಲ್ಲ ಅಂದ.