ಹದಿನೆಂಟು ವರ್ಷ ನಿಂತ ಬೈಕಿಗೆ ಕದ್ದು ಕಿಕ್ ಹೊಡೆಯಬೇಡಿ

ಪ್ರಶ್ನೆ: ನನಗೀಗ 57. ವಯಸ್ಸಿನಲ್ಲಿದ್ದಾಗಿನಿಂದ ಮೋಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ಬೈಕ್ ರೇಸ್) ಹುಚ್ಚು. ನನ್ನ 1974ರ ಹೋಂಡಾ ಎಲ್ಸಿನೋರ್ 250 ಮೇಲೆ ಕೊನೆಯ ಸಲ ಬಿದ್ದಾಗ ಕಾಲರ್‌ಬೋನ್ ಮುರಿದು ಪ್ಲೇಟ್ ಕೂರಿಸಿದರು. ಅಲ್ಲಿಂದ ಹದಿನೆಂಟು ವರ್ಷ ಗಾಡಿ ಮೂಲೆಯಲ್ಲೇ ನಿಂತಿದೆ. ಈಗ ವಿಂಟೇಜ್ ರೇಸಿಗೆ ಇಳಿಯುವ ಆಸೆ. ಹೆಂಡತಿ "ಮಾರಿ, ಇಲ್ಲಾ ಮುಟ್ಟಲೇಬೇಡಿ" ಅನ್ನುತ್ತಾಳೆ. ಅವಳಿಲ್ಲದಾಗ ಒಮ್ಮೆ ಸ್ಟಾರ್ಟ್ ಮಾಡಿ ನೋಡಲೇ?

ಉತ್ತರ: ಬೇಡ. ಹೆಂಡತಿಯ ಭಯ ಆಮೇಲೆ, ಮೊದಲು ಕ್ರ್ಯಾಂಕ್ ಸೀಲಿನ ಭಯವಿರಲಿ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸಿಗೆ, ಅಂದರೆ ಕ್ರ್ಯಾಂಕ್ ಶಾಫ್ಟ್ ತಿರುಗುವ ಪೆಟ್ಟಿಗೆಗೆ, ಕಾರ್ಬುರೇಟರ್ ಬಿಟ್ಟು ಬೇರೆ ದಾರಿಯಿಂದ ಗಾಳಿ ನುಗ್ಗಬಾರದು. ಅದನ್ನು ತಡೆಯುವುದೇ ಶಾಫ್ಟಿನ ಎರಡೂ ಕಡೆಯ ರಬ್ಬರ್ ಸೀಲು. ಇಷ್ಟು ವರ್ಷ ಒಣಗಿದ ಸೀಲು ಗಡುಸಾಗಿ ಶಾಫ್ಟನ್ನು ಹಿಡಿಯುವುದಿಲ್ಲ. ಮ್ಯಾಗ್ನೆಟೋ ಕಡೆಯದು ಸೋತರೆ ಗಾಳಿ ಒಳಬಂದು ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಕಾದು ಸಿಲಿಂಡರಿನಲ್ಲಿ ಕಚ್ಚಿಕೊಂಡು ಸೀಜ್ ಆಗುತ್ತದೆ. ಕ್ಲಚ್ ಕಡೆಯದು ಸೋತರೆ ಗೇರ್‌ಬಾಕ್ಸ್ ಎಣ್ಣೆ ಒಳಗೆಳೆದು ಬಿಳಿ ಹೊಗೆ ಬರುತ್ತದೆ. ಮೋಸವೆಂದರೆ, ಇಂಥ ಎಂಜಿನ್ ಮೊದಲ ಕೆಲವು ನಿಮಿಷ ಬಲು ಚುರುಕಾಗಿ ಓಡುತ್ತದೆ. ಥ್ರಾಟಲ್ ಬಿಟ್ಟರೂ ಆರ್‌ಪಿಎಂ ಇಳಿಯದಿದ್ದರೆ ಅದು ಜೋಶ್ ಅಲ್ಲ, ಗಾಳಿ ಸೋರಿಕೆ.

ಹಾಗಾಗಿ ಪ್ಲಗ್ ಬಿಚ್ಚಿ, ಒಂದು ಟೀ ಚಮಚ ಟೂ ಸ್ಟ್ರೋಕ್ ಎಣ್ಣೆ ಬಿಟ್ಟು, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕಿಕ್ ಲಿವರನ್ನು ಕೈಯಿಂದ ನಿಧಾನವಾಗಿ ಒತ್ತಿ. ತಿರುಗದಿದ್ದರೆ ಮೇಲೆ ಹತ್ತಿ ತುಳಿಯಬೇಡಿ. ಸಿಲಿಂಡರ್ ಬಿಚ್ಚಿಯೇ ನೋಡಬೇಕು. ತಿರುಗಿದರೆ ಪ್ರೆಷರ್ ಟೆಸ್ಟ್: ಇನ್‌ಟೇಕ್ ಮತ್ತು ಎಕ್ಸಾಸ್ಟ್ ಮುಚ್ಚಿ, ಪ್ಲಗ್ ತೂತಿನಿಂದ 6 ಪಿಎಸ್‌ಐ ಗಾಳಿ ತುಂಬಿ, ಆರು ನಿಮಿಷ ಕಾಯಿರಿ. ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಸೋರಿಕೆ ಇದೆ. ಸೋಪುನೀರು ಸವರಿ ಗುಳ್ಳೆ ಎಲ್ಲೇಳುತ್ತದೆ ನೋಡಿ. ನಮ್ಮನ್ನು ಕೇಳಿದರೆ, ಟೆಸ್ಟ್ ಪಾಸಾದರೂ ಎರಡೂ ಸೀಲು ಬದಲಿಸಿ. ಸಿಲಿಂಡರ್ ಮೇಲೆತ್ತಿದಾಗ ಕನೆಕ್ಟಿಂಗ್ ರಾಡನ್ನು ಹಿಡಿದು ಆಡಿಸಿ: ಅಕ್ಕಪಕ್ಕಕ್ಕೆ ಸ್ವಲ್ಪ ಆಡಿದರೆ ಸರಿ, ಮೇಲೆ ಕೆಳಗೆ ಆಡಿದರೆ ಬಿಗ್ ಎಂಡ್, ಅಂದರೆ ರಾಡಿನ ಕೆಳತುದಿಯ ಬೇರಿಂಗ್, ಹೋಗಿದೆ.

ಏರ್ ಫಿಲ್ಟರಿನ ಫೋಮ್ ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿರುತ್ತದೆ, ಅದೇ ಪುಡಿಯನ್ನು ಎಂಜಿನ್ ಎಳೆದುಕೊಳ್ಳುತ್ತದೆ. ಮೊದಲು ಅದನ್ನು ಎಸೆಯಿರಿ. ಕಾರ್ಬುರೇಟರಿನ ಪೈಲಟ್ ಜೆಟ್ (ಐಡ್ಲಿಂಗಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತು) ಖಂಡಿತ ಕಟ್ಟಿಕೊಂಡಿರುತ್ತದೆ. ಥ್ರಾಟಲ್ ಸ್ಲೈಡ್ ಬಿಟ್ಟ ತಕ್ಷಣ ಟಪ್ಪೆಂದು ಕೆಳಗೆ ಬೀಳಬೇಕು, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗಲೂ. ಪೆಟ್ರೋಲ್ ಮಿಶ್ರಣಕ್ಕೆ ಆ ಕಾಲದಲ್ಲಿ 20:1 ರೂಢಿ, ಅಂದರೆ 5 ಲೀಟರಿಗೆ 250 ಮಿಲಿ ಎಣ್ಣೆ. ಇಂದಿನ ಎಣ್ಣೆಗೆ ಹಲವರು 32:1 ಹಾಕುತ್ತಾರೆ, ಸುಮಾರು 155 ಮಿಲಿ. ಅನುಪಾತ ಬದಲಿಸಿದರೆ ಜೆಟ್ಟಿಂಗನ್ನೂ (ಕಾರ್ಬುರೇಟರಿನ ಜೆಟ್ಟುಗಳ ಅಳತೆ) ಪ್ಲಗ್ ಬಣ್ಣ ನೋಡಿ ಸರಿಪಡಿಸಬೇಕು, ಇದನ್ನು ಬಹಳ ಮಂದಿ ಮರೆಯುತ್ತಾರೆ.

ಟೈರಿನ ಉಬ್ಬುಗಳು ಸವೆಯದಿದ್ದರೂ ಟೈರು ಹೊಸದೇ ಬೇಕು. ಡ್ರಮ್ ಬ್ರೇಕಿನ ಲೈನಿಂಗ್ ಶೂನಿಂದ ಕಿತ್ತು ಬಂದಿದೆಯೇ ನೋಡಿ; ಅದರ ಧೂಳನ್ನು ಗಾಳಿ ಊದಿ ತೆಗೆಯಬೇಡಿ, ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಿಂದ ಒರೆಸಿ. ಸ್ಟೀರಿಂಗ್ ಹೆಡ್, ಶಾಕ್ ಮೌಂಟ್, ಫುಟ್‌ಪೆಗ್ ಬುಡದ ವೆಲ್ಡಿಂಗಿನಲ್ಲಿ ಬಿರುಕು ಹುಡುಕಿ.

ಇನ್ನು ನಿಮ್ಮ ಮನೆಯವರ ಮಾತು. ಇಟ್ಟುಕೊಳ್ಳುವುದು, ಓಡಿಸುವುದು, ರೇಸ್ ಮಾಡುವುದು ಮೂರು ಬೇರೆ ಪ್ರಶ್ನೆಗಳು. ನೀವಿಬ್ಬರೂ ಮೂರನ್ನೂ ಒಂದೇ ಗಂಟು ಕಟ್ಟಿ ಜಗಳವಾಡುತ್ತಿದ್ದೀರಿ. ಅವರು ಆಸ್ಪತ್ರೆಯ ದಿನಗಳನ್ನು ನೋಡಿದವರು, ಅವರ ಹೆದರಿಕೆಗೆ ಕಾರಣವಿದೆ. ಮೊದಲು ಮೂಳೆ ಡಾಕ್ಟರ ಬಳಿ ಇಬ್ಬರೂ ಹೋಗಿ, ಪ್ಲೇಟಿರುವ ಭುಜಕ್ಕೆ ಬಿದ್ದರೆ ಏನಾಗಬಹುದು ಎಂದು ಹೆಂಡತಿಯ ಎದುರೇ ಕೇಳಿ. ಒಪ್ಪಿಗೆ ಸಿಕ್ಕರೆ, ಒಂದು ವರ್ಷ ಬರೀ ಅಭ್ಯಾಸ, ರೇಸಿಲ್ಲ, ಒಬ್ಬರೇ ಓಡಿಸುವುದಿಲ್ಲ ಎಂದು ಹೇಳಿ, ಹಾಗೇ ನಡೆದುಕೊಳ್ಳಿ.

ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ಓಟ ನಿಮ್ಮ ಗಾಡಿಯಲ್ಲಿ ಹೆಚ್ಚೂಕಡಿಮೆ 100 ಮಿಮೀ. ಇಂದಿನ ಮೋಟೋಕ್ರಾಸ್ ಬೈಕುಗಳಲ್ಲಿ 300ರ ಆಸುಪಾಸು. ಎತ್ತರದ ಜಂಪಿರುವ ಈಗಿನ ಟ್ರ್ಯಾಕಿಗೆ ಇಳಿದರೆ ಶಾಕ್ ತಳಮುಟ್ಟಿ ಆ ಹೊಡೆತವೆಲ್ಲ ನಿಮ್ಮ ಬೆನ್ನಿಗೆ. ಸಹಜ ಏರಿಳಿತದ ನೆಲವಷ್ಟೇ ಇದಕ್ಕೆ ತಕ್ಕದ್ದು. ಬಿದ್ದರೆ ಎಂಜಿನ್ ನಿಲ್ಲಿಸುವ, ಮಣಿಕಟ್ಟಿಗೆ ಕಟ್ಟುವ ಕಿಲ್ ಸ್ವಿಚ್ ಹಾಕಿಸಿ. ಹಳೆಯ ಹೆಲ್ಮೆಟ್ ಶೋಕೇಸಿಗೆ ಚೆಂದ, ತಲೆಗೆ ಹೊಸದು.

ಎಲ್ಲ ಮಾತಾದ ಮೇಲೂ ಮಾರುವುದೆಂದೇ ಆದರೆ, ಪೇಂಟ್ ಹೊಡೆಸಬೇಡಿ, ಅಲ್ಯೂಮಿನಿಯಂ ಟ್ಯಾಂಕನ್ನು ಪಾಲಿಶ್ ಮಾಡಿಸಬೇಡಿ. ಬಲ್ಲವರು ಮೂಲ ಬಣ್ಣಕ್ಕೇ ಹೆಚ್ಚು ಕೊಡುತ್ತಾರೆ. ಫ್ರೇಮ್ ಮತ್ತು ಎಂಜಿನ್ ನಂಬರಿನ ಸ್ಪಷ್ಟ ಫೋಟೋ ತೆಗೆದಿಡಿ. ಬಿಚ್ಚಿಟ್ಟ ಹಳೆಯ ಭಾಗಗಳನ್ನು, ಮುರಿದ ಲಿವರನ್ನೂ ಸೇರಿಸಿ, ಗಾಡಿಯ ಜೊತೆಗೇ ಕೊಡಿ.