ಮೂರು ಮೂಲೆ ಸರಿ, ನಾಲ್ಕನೆಯ ಚಾಂಫರ್ ಮಾತ್ರ ಉಲ್ಟಾ

ಪ್ರಶ್ನೆ: 3ಡಿ ವಿನ್ಯಾಸದ ತಂತ್ರಾಂಶವಾದ ಫ್ರೀಕ್ಯಾಡ್‌ನಲ್ಲಿ ಆಯತಾಕಾರದ ಬ್ಲಾಕ್ ಒಂದನ್ನು ಮಾಡಿದ್ದೇನೆ. ಅದರ ನಾಲ್ಕು ನಿಂತ ಅಂಚುಗಳಿಗೂ ಉದ್ದದ ಬದಿಯಲ್ಲಿ 8 ಮಿ.ಮೀ., ಅಗಲದ ಬದಿಯಲ್ಲಿ 3 ಮಿ.ಮೀ. ಚಾಂಫರ್ (ಅಂಚಿನ ಓರೆ ಕತ್ತರಿಕೆ) ಬೇಕು. ನಾಲ್ಕನ್ನೂ ಒಟ್ಟಿಗೆ ಆರಿಸಿ ‘ಟು ಡಿಸ್ಟೆನ್ಸಸ್’ (ಎರಡು ಅಳತೆ) ಕೊಟ್ಟರೆ ಮೂರು ಸರಿಯಾಗಿ ಬರುತ್ತವೆ, ಒಂದು ಉಲ್ಟಾ ಆಗುತ್ತದೆ. ‘ಫ್ಲಿಪ್ ಡೈರೆಕ್ಷನ್’ (ದಿಕ್ಕು ತಿರುಗಿಸು) ಒತ್ತಿದರೆ ಆ ಒಂದು ಸರಿಯಾಗಿ ಉಳಿದ ಮೂರು ಕೆಡುತ್ತವೆ. ಅಂಚುಗಳನ್ನು ಬೇರೆ ಕ್ರಮದಲ್ಲಿ ಆರಿಸಿದರೂ ಅಷ್ಟೇ. ಏನು ಮಾಡಲಿ?

ಉತ್ತರ: ದಿಕ್ಕನ್ನು ತೀರ್ಮಾನಿಸುವುದು ನೀವು ಅಂಚು ಆರಿಸುವ ಕ್ರಮವಲ್ಲ, ಮುಖ, ಅಂದರೆ ಅಂಚಿಗೆ ತಾಗಿದ ಬದಿಯ ಮೇಲ್ಮೈ. ಫ್ರೀಕ್ಯಾಡ್‌ನ ಒಳಗೆ ಆಕೃತಿ ಕಟ್ಟುವುದು ಓಪನ್ ಕ್ಯಾಸ್ಕೇಡ್ ಎಂಬ ತಂತ್ರಾಂಶ. ಅಸಮ ಚಾಂಫರ್ ಹಾಕಲು ಅದಕ್ಕೆ ಅಂಚು ಮತ್ತು ಎರಡು ಅಳತೆಗಳ ಜೊತೆ ಒಂದು ಮುಖವನ್ನೂ ಕೊಡಬೇಕು. ಮೊದಲ ಅಳತೆ ಆ ಮುಖದ ಮೇಲೆ ಬೀಳುತ್ತದೆ, ಎರಡನೆಯದು ಪಕ್ಕದ ಮುಖದ ಮೇಲೆ. ಆ ಮುಖ ಯಾವುದೆಂದು ಫ್ರೀಕ್ಯಾಡ್ ನಿಮ್ಮನ್ನು ಕೇಳುವುದಿಲ್ಲ; ಅಂಚಿಗೆ ಸೇರಿದ ಎರಡು ಮುಖಗಳಲ್ಲಿ ತನ್ನ ಪಟ್ಟಿಯಲ್ಲಿ ಮೊದಲು ಸಿಕ್ಕಿದ್ದನ್ನು ಹಿಡಿಯುತ್ತದೆ. ಫ್ಲಿಪ್ ಒತ್ತಿದರೆ ಇನ್ನೊಂದನ್ನು ಹಿಡಿಯುತ್ತದೆ, ಅದೂ ಆರಿಸಿದ ಎಲ್ಲ ಅಂಚುಗಳಿಗೂ ಒಟ್ಟಿಗೇ.

ನಿಮ್ಮ ಬ್ಲಾಕಿನ ನಿಂತ ಮುಖಗಳಿಗೆ ಸುತ್ತಲೂ 1, 2, 3, 4 ಎಂದು ಅಂಕಿ ಹಾಕಿ ನೋಡಿ. 1 ಮತ್ತು 3 ಉದ್ದದ ಬದಿಗಳಾಗಿರಲಿ. 1–2ರ ಮೂಲೆಯಲ್ಲಿ ಮೊದಲು ಸಿಗುವುದು 1, ಅದು ಉದ್ದದ ಬದಿ. 3–4ರ ಮೂಲೆಯಲ್ಲಿ 3, ಅದೂ ಉದ್ದದ್ದೇ. 4 ಮತ್ತು 1 ಕೂಡುವಲ್ಲಿ ಮತ್ತೆ 1. ಆದರೆ 2–3ರ ಮೂಲೆಯಲ್ಲಿ ಮೊದಲು ಸಿಗುವುದು 2, ಅಂದರೆ ಅಗಲದ ಬದಿ. 8 ಮಿ.ಮೀ. ಅದರ ಮೇಲೆ ಕೂರುತ್ತದೆ. ನಿಮ್ಮ ನಾಲ್ಕನೆಯ ಮೂಲೆಯ ಗುಟ್ಟು ಇಷ್ಟೇ.

ತಕ್ಷಣದ ದಾರಿ: ಒಂದು ಚಾಂಫರ್‌ನಲ್ಲಿ ಸರಿಯಾಗಿ ಬರುವ ಮೂರು ಅಂಚುಗಳು, ಇನ್ನೊಂದು ಚಾಂಫರ್‌ನಲ್ಲಿ ಉಳಿದದ್ದು. ಎರಡನೆಯದರ ದಿಕ್ಕನ್ನು ಪರದೆಯ ಮೇಲೆ ನೋಡಿ, ಬೇಕಿದ್ದರೆ ಮಾತ್ರ ಫ್ಲಿಪ್ ಮಾಡಿ. ಮೂಲ ಸ್ಕೆಚ್ಚಿಗೆ (ಬ್ಲಾಕ್ ಎಬ್ಬಿಸಿದ ಸಮತಲ ರೇಖಾಚಿತ್ರಕ್ಕೆ) ಮುಂದೆ ಗೆರೆ ಸೇರಿಸಿದರೆ ಅಥವಾ ಅಳಿಸಿದರೆ ಮುಖಗಳ ಕ್ರಮವೇ ಬದಲಾಗಬಹುದು. ಆಗೆಲ್ಲ ನಾಲ್ಕೂ ಮೂಲೆಗಳನ್ನು ಮತ್ತೆ ಅಳೆದು ನೋಡಿ.

ಆದರೆ ಇದು ನನ್ನ ಕೆಲಸವಾಗಿದ್ದರೆ ಇಲ್ಲಿ ಚಾಂಫರ್ ಆಜ್ಞೆಯನ್ನೇ ಬಳಸುತ್ತಿರಲಿಲ್ಲ. ನಿಂತ ಅಂಚಿನ ಚಾಂಫರ್ ಎಂದರೆ ಸ್ಕೆಚ್ಚಿನಲ್ಲಿ ಒಂದು ಓರೆ ಗೆರೆ, ಅಷ್ಟೇ. ಆಯತದ ಬದಲು ಎಂಟು ಬದಿಗಳ ಆಕೃತಿ ಬರೆದು, 8 ಮತ್ತು 3ನ್ನು ಅಲ್ಲೇ ಅಳತೆಯಾಗಿ ಕಟ್ಟಿ, ಪ್ಯಾಡ್ ಮಾಡಿ, ಅಂದರೆ ಆ ಆಕೃತಿಗೆ ಎತ್ತರ ಕೊಡಿ. ಯಾವ ಅಳತೆ ಯಾವ ಬದಿಗೆಂದು ನೀವೇ ಹೇಳಿರುತ್ತೀರಿ. ತಂತ್ರಾಂಶ ಊಹಿಸಲು ಏನೂ ಉಳಿಯುವುದಿಲ್ಲ.

‘ಡಿಸ್ಟೆನ್ಸ್ ಆ್ಯಂಡ್ ಆ್ಯಂಗಲ್’ (ಒಂದು ಅಳತೆ, ಒಂದು ಕೋನ) ಬಳಸುವವರಿಗೂ ಒಂದು ಎಚ್ಚರಿಕೆ. ಎರಡು ಅಳತೆಗಳ ಚಾಂಫರ್‌ನಲ್ಲಿ 8 ಮತ್ತು 3ನ್ನು ಅದಲುಬದಲು ಮಾಡಿದರೂ ಫ್ಲಿಪ್ ಮಾಡಿದರೂ ಫಲ ಒಂದೇ. ಕೋನದಲ್ಲಿ ಹಾಗಲ್ಲ. 90 ಡಿಗ್ರಿ ಮೂಲೆಗೆ 4 ಮಿ.ಮೀ., 30 ಡಿಗ್ರಿ ಕೊಟ್ಟರೆ ಇನ್ನೊಂದು ಬದಿ 2.31 ಮಿ.ಮೀ. ಬರುತ್ತದೆ. ದಿಕ್ಕು ತಿರುಗಿಸಲೆಂದು 30ರ ಜಾಗದಲ್ಲಿ 60 ಬರೆದರೆ ಆ ಬದಿ 6.93 ಆಗಿಬಿಡುತ್ತದೆ, 4 ಇದ್ದಲ್ಲೇ ಉಳಿಯುತ್ತದೆ. ಇಲ್ಲಿ ಫ್ಲಿಪ್ ಒಂದೇ ಸರಿಯಾದ ದಾರಿ. ಆಟೊಡೆಸ್ಕ್ ಇನ್ವೆಂಟರ್ ಎಂಬ ಇನ್ನೊಂದು ವಿನ್ಯಾಸ ತಂತ್ರಾಂಶ ಈ ಬಗೆಯ ಚಾಂಫರ್‌ಗೆ ಮೊದಲು ಮುಖವನ್ನು, ಆಮೇಲೆ ಅಂಚನ್ನು ಆರಿಸಿಕೊಳ್ಳುತ್ತದೆ. ಅದೇ ಒಳ್ಳೆಯ ಪದ್ಧತಿ ಎಂಬುದು ನನ್ನ ಅಭಿಪ್ರಾಯ.

ಕೊನೆಗೆ ಡ್ರಾಯಿಂಗ್. ‘2×45°’ ಎಂದು ಬರೆದರೆ ಗೊಂದಲವಿಲ್ಲ, ಎರಡೂ ಬದಿ ಸಮ. ‘8×3 ಚಾಂಫರ್’ ಎಂದಷ್ಟೇ ಬರೆದರೆ ಮಿಲ್ಲಿಂಗ್ ಯಂತ್ರದ ಮುಂದೆ ನಿಂತವರಿಗೆ 8 ಯಾವ ಕಡೆಯೆಂದು ತಿಳಿಯುವುದಿಲ್ಲ. ಮೇಲುನೋಟದ ಚಿತ್ರದಲ್ಲಿ ಎರಡೂ ಬದಿಗಳಿಗೆ ಬೇರೆ ಬೇರೆ ಅಳತೆ ಎಳೆದು ಕೊಡಿ.