ಪಾಲುದಾರ ಮಾಡಿದ ಸಾಲ ನನ್ನ ತಲೆಗೂ ಬರುತ್ತಾ?

ಪ್ರಶ್ನೆ: ಗೆಳೆಯನ ಜೊತೆ ಸೇರಿ ಸಣ್ಣ ಉದ್ಯಮ ನಡೆಸುತ್ತಿದ್ದೇನೆ. ಪತ್ರ ಗಿತ್ರ ಏನೂ ಇಲ್ಲ, ಎಲ್ಲಾ ಬಾಯಿಮಾತು. ಈಗ ಅವನು ನನಗೆ ಹೇಳದೆ ಉದ್ಯಮದ ಹೆಸರಲ್ಲಿ ಸಾಲಕ್ಕೆ ಸರಕು ತಂದಿದ್ದಾನೆ. ಸರಕು ಕೊಟ್ಟವರು ನನ್ನನ್ನು ಹಿಡಿದಿದ್ದಾರೆ. ಲಿಮಿಟೆಡ್ ಕಂಪನಿ ಮಾಡಿಬಿಟ್ಟರೆ ಬಚಾವಾಗಬಹುದಾ?

ಉತ್ತರ: ಕಹಿ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಕೊಡಬೇಕಾಗಿ ಬರುವ ಸಾಧ್ಯತೆಯೇ ಜಾಸ್ತಿ. ಲಾಭ ಹಂಚಿಕೊಳ್ಳೋಣ ಎಂದು ಇಬ್ಬರು ಸೇರಿ ವ್ಯಾಪಾರಕ್ಕಿಳಿದರೆ, ಪತ್ರ ಇರಲಿ ಬಿಡಲಿ, ಅದು ಪಾಲುದಾರಿಕೆಯೇ. ಬ್ರಿಟನ್ನಿನ 1890ರ ಕಾಯ್ದೆಯೂ ಭಾರತದ 1932ರ ಕಾಯ್ದೆಯೂ ಹೇಳುವುದು ಇಷ್ಟೇ: ಮಾಮೂಲಿ ವಹಿವಾಟಿನಲ್ಲಿ ಒಬ್ಬ ಮಾಡಿದ್ದಕ್ಕೆ ಎಲ್ಲರೂ ಹೊಣೆ. ಸರಕು ತರುವುದು ಮಾಮೂಲಿ ವಹಿವಾಟೇ ಅಲ್ವಾ? ಅರ್ಧ ನನ್ನದು, ಅರ್ಧ ಅವನದು ಎನ್ನುವ ಲೆಕ್ಕ ನಿಮ್ಮಿಬ್ಬರಿಗೆ ಮಾತ್ರ. ಸಾಲ ಕೊಟ್ಟವರು ಪೂರ್ತಿ ಹಣವನ್ನು ನಿಮ್ಮೊಬ್ಬರಿಂದಲೇ ಕೇಳಬಹುದು, ಆಮೇಲೆ ಅವನ ಪಾಲನ್ನು ಅವನಿಂದ ವಸೂಲಿ ಮಾಡುವ ತಲೆನೋವು ನಿಮ್ಮದು. ಅವನಿಗೆ ಆ ಅಧಿಕಾರ ಇಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತು ಅಂತ ತೋರಿಸಿದರೆ ವಾದಕ್ಕೆ ಜಾಗವಿದೆ.

ಇನ್ನು ಲಿಮಿಟೆಡ್ ವಿಷಯ. ಸಾಲೊಮನ್ ಎಂಬ ಬೂಟು ತಯಾರಕನ ಪ್ರಕರಣದಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1897ರಲ್ಲಿ ಕಂಪನಿ ಬೇರೆ, ಅದರ ಒಡೆಯ ಬೇರೆ ಎಂದಿತು. ಕಂಪನಿ ಮುಳುಗಿದರೂ ಅದರ ಸಾಲ ಅವನ ಮೈಮೇಲೆ ಬರಲಿಲ್ಲ. ಆದರೆ ಈ ರಕ್ಷಣೆ ಮುಂದಿನ ಸಾಲಕ್ಕೆ, ಆಗಲೇ ಆಗಿರುವುದಕ್ಕಲ್ಲ. ಅದೂ ಅಲ್ಲದೆ ಬ್ಯಾಂಕುಗಳು ಸಾಲ ಕೊಡುವಾಗ ಕಟ್ಟುಗಟ್ಟಲೆ ಕಾಗದದ ನಡುವೆ ನಿಮ್ಮ ವೈಯಕ್ತಿಕ ಗ್ಯಾರಂಟಿಗೂ ಸಹಿ ಹಾಕಿಸಿಕೊಳ್ಳುವುದುಂಟು. ಅದಕ್ಕೆ ಸಹಿ ಬಿತ್ತೋ, ಆ ಸಾಲದ ಮಟ್ಟಿಗೆ ಲಿಮಿಟೆಡ್ ಅನ್ನೋದು ಬರೀ ಬೋರ್ಡು.

ಗೆಳೆಯನ ಜೊತೆ ಮುಂದುವರಿಯುವುದಾದರೆ ಯಾರು ಎಷ್ಟರ ತನಕ ಸಾಲ ತರಬಹುದು ಎಂದು ಬರೆದುಕೊಳ್ಳಿ. ಬಿಡುವುದಾದರೆ ಸುಮ್ನೆ ಎದ್ದು ಬರಬೇಡಿ. ವ್ಯವಹಾರ ಇರುವವರಿಗೆಲ್ಲ ಲಿಖಿತವಾಗಿ ತಿಳಿಸಿ, ಭಾರತದಲ್ಲಾದರೆ ಸಾರ್ವಜನಿಕ ಪ್ರಕಟಣೆಯೂ ಬೇಕು. ಇಲ್ಲದಿದ್ದರೆ ನೀವು ಬಿಟ್ಟ ಮೇಲೆ ಅವನು ಮಾಡಿದ ಸಾಲಕ್ಕೂ ನಿಮ್ಮನ್ನೇ ಹುಡುಕಿಕೊಂಡು ಬಂದಾರು.

ಪ್ರಶ್ನೆ: ಹೊರಗಿನವರೊಬ್ಬರಿಂದ ಆ್ಯಪ್ ಮಾಡಿಸಿದೆವು. ಹಣ ಪೂರ್ತಿ ಕೊಟ್ಟಾಗಿದೆ. ಈಗ ಕೋಡ್ ಕೇಳಿದರೆ "ಅದು ನನ್ನದು" ಎನ್ನುತ್ತಾರೆ. ಇದು ಯಾವ ನ್ಯಾಯ?

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ಕಾನೂನು ಅವರ ಕಡೆಗೇ ವಾಲುತ್ತದೆ. ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲೀಕರದ್ದು. ಹೊರಗಿನವರು ಬರೆದ ಕೋಡ್‌ನ ಕಾಪಿರೈಟ್, ಲಿಖಿತವಾಗಿ ನಿಮಗೆ ವರ್ಗಾಯಿಸದಿದ್ದರೆ, ಅನೇಕ ದೇಶಗಳಲ್ಲಿ ಅವರದ್ದೇ. ಅವರು ನೋಂದಣಿ ಮಾಡಿಸಿಲ್ಲ ಎಂಬ ವಾದವೂ ನಡೆಯುವುದಿಲ್ಲ. ಕಾಪಿರೈಟ್ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಪ್ರಕಾರ ಈ ಹಕ್ಕಿಗೆ ನೋಂದಣಿ ಬೇಕಿಲ್ಲ. ಆ್ಯಪ್ ಬಳಸುವ ಹಕ್ಕು ನಿಮಗಿರಬಹುದು. ನಾಳೆ ಯಾರಾದರೂ ನಿಮ್ಮ ಉದ್ಯಮ ಕೊಳ್ಳಲು ಬಂದರೆ ಅದು ಸಾಲುವುದಿಲ್ಲ. ಇನ್ನೊಂದಿಷ್ಟು ಹಣ ಕೊಟ್ಟಾದರೂ ವರ್ಗಾವಣೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ, ಕೋರ್ಟಿಗಿಂತ ಅಗ್ಗ. ಹಾಗೇ ನಿಮ್ಮ ವೆಬ್‌ಸೈಟಿನ ಡೊಮೇನ್, ಅಂದರೆ ವಿಳಾಸ, ಯಾರ ಹೆಸರಲ್ಲಿದೆ ಅಂತ ಇವತ್ತೇ ನೋಡಿ!

ಪ್ರಶ್ನೆ: ಬೇರೊಬ್ಬರ ಒಪ್ಪಂದಪತ್ರ ತಂದು ಹೆಸರು ಮಾತ್ರ ಬದಲಿಸಿಕೊಂಡರೆ ಸಾಕಾ?

ಉತ್ತರ: ಸಾಲದು. ತಕರಾರು ಬಂದರೆ ಯಾವ ಊರಿನ ಕೋರ್ಟಿಗೆ ಹೋಗಬೇಕು ಎಂಬ ಸಾಲೂ ಅದರ ಜೊತೆಗೇ ಬಂದಿರುತ್ತದೆ. ಓದಿದ್ದೀರಾ?

ಪ್ರಶ್ನೆ: ದೊಡ್ಡ ಕಂಪನಿಯೊಂದು ತಿಂಗಳುಗಟ್ಟಲೆ ಬಿಲ್ ಹಣ ಕೊಡದೆ ಸತಾಯಿಸುತ್ತಿದೆ. ಕೇಸು ಹಾಕಿದರೆ ಮುಂದಿನ ಆರ್ಡರ್ ತಪ್ಪುವ ಭಯ.

ಉತ್ತರ: ಭಯ ಸುಳ್ಳಲ್ಲ. ಆದರೂ ನಿಮ್ಮ ಹಕ್ಕು ಏನೆಂದು ತಿಳಿದಿರಲಿ. ಭಾರತದಲ್ಲಿ 2006ರ ಎಂಎಸ್‌ಎಂಇಡಿ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯಡಿ ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಹಣ ಕೊಡಲು 45 ದಿನಕ್ಕಿಂತ ಜಾಸ್ತಿ ಗಡುವು ಇಡುವಂತಿಲ್ಲ, ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮಧ್ಯಮ ಉದ್ಯಮಕ್ಕೆ ಈ ರಕ್ಷಣೆ ಇಲ್ಲ, ಯಾಕೋ ಬಿಟ್ಟಿದ್ದಾರೆ. ಯುರೋಪಿಯನ್ ಒಕ್ಕೂಟದಲ್ಲೂ ತಡವಾದ ಹಣಕ್ಕೆ ಬಡ್ಡಿ ಕೇಳುವ ಹಕ್ಕಿದೆ.

ನನಗೆ ಹೆಚ್ಚು ಚಿಂತೆ ಇರುವುದು ಕೇಸು ಹಾಕುವ ಗಡುವಿನ ಬಗ್ಗೆ. ಬಾಕಿಗೆ ದಾವೆ ಹೂಡಲು ಭಾರತದಲ್ಲಿ ಸಾಮಾನ್ಯವಾಗಿ 3 ವರ್ಷ, ಇಂಗ್ಲೆಂಡಿನಲ್ಲಿ 6 ವರ್ಷ. ಸುಮ್ಮನೆ ಕಾದರೆ ಅದು ದಾಟಿಹೋಗುತ್ತದೆ. ದಾಟುವ ಮೊದಲೇ ಅವರು ಬಾಕಿ ಒಪ್ಪಿಕೊಂಡು ಬರೆದು ಸಹಿ ಮಾಡಿದರೆ ಎಣಿಕೆ ಹೊಸದಾಗಿ ಶುರು. ಅದಕ್ಕೆ ಜಗಳ ಬೇಕಿಲ್ಲ. ವರ್ಷದ ಲೆಕ್ಕ ಮುಗಿಸಬೇಕು, ಬಾಕಿ ಇಷ್ಟಿದೆ ಎಂದು ದೃಢೀಕರಿಸಿ ಅಂತ ಅವರ ಅಕೌಂಟ್ಸ್ ವಿಭಾಗಕ್ಕೆ ಒಂದು ಪತ್ರ ಕಳಿಸಿ. ಎಷ್ಟೋ ಸಲ ಅವರು ಮರುಮಾತಿಲ್ಲದೆ ಸಹಿ ಹಾಕಿ ಕಳಿಸುತ್ತಾರೆ.